ಬಾವಿಗೆ ಹಾಕಿದ ಕಲ್ಲುಣ್ಣೆ

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಯಾರೋ ಹೇಳಿದ್ದಲ್ಲ, ನನ್ನ ಚಿಕ್ಕಮ್ಮನ ಮಗಳಿಗೇ ಆಗಿದ್ದು. ನಾನು ಅವಳನ್ನ ಅಕ್ಕ ಅಂತೀನಿ.

ಅಕ್ಕ, ಭಾವ ಇಬ್ಬರೂ ಎರಡನೇ ಆಟ ಸಿನಿಮಾ ಮುಗಿಸಿ ನಡೆದು ಬರ್ತಿದ್ರು. ದಾರೀಲಿ ಒಂದು ಬತ್ತಿದ ಬಾವಿ. ಭಾವ ಬಗ್ಗಿ ಚಪ್ಪಾಳೆ ತಟ್ಟಿದ್ರು. ಟಪ್... ಟಪ್, ಟಪ್, ಟಪ್ ಅಂತ ವಾಪಸ್ ಬಂತು.

"ಕೇಳ್ದಾ? ಬರೀ ಕಲ್ಲು. ಕೊಟ್ಟಿದ್ದೆಲ್ಲ ವಾಪಸ್ ಕೊಡುತ್ತೆ. ಉಣ್ಣೆ ಹಾಗಲ್ಲ, ಒಳಗಿಟ್ಕೊಳ್ಳುತ್ತೆ."

ಭಾವನ ಕೆಲಸವೇ ಅದು, ರೆಕಾರ್ಡಿಂಗ್ ಕೋಣೆಗಳ ಗೋಡೆಗೆ ಸದ್ದು ಹೀರೋ ಹಲಗೆ ಕೂರಿಸೋದು. ಹಲಗೆ ಒಳಗೆ ತುಂಬೋದು ಕಲ್ಲುಣ್ಣೆ, ಅಂದ್ರೆ ಕಲ್ಲು ಕರಗಿಸಿ ಎಳೆ ತೆಗೆದ ಉಣ್ಣೆ. ಮನೇಲೂ ಅಂಥದ್ದೊಂದು ಕೋಣೆ ಇತ್ತು. ತೀರಿಹೋದ ಮೊದಲನೇ ಹೆಂಡತಿಗೆ ಕಟ್ಟಿಸಿದ್ದು. ಆಕೆ ಅಲ್ಲಿ ಕೂತು ಗಂಟಲು ಸರಿ ಮಾಡ್ಕೊಂಡು ಕತೆ ಓದಿ ರೆಕಾರ್ಡ್ ಮಾಡ್ತಿದ್ದಳಂತೆ. ಭಾವ ದಿನಾ ಕೆಲಸದಿಂದ ಬಂದವರು ಮೊದಲು ಆ ಕೋಣೇಲಿ ಬಾಗಿಲು ಹಾಕ್ಕೊಂಡು ಕೂರೋರು. ಅಕ್ಕ ಕಾಫಿ ಲೋಟ ಹಿಡ್ಕೊಂಡು ಹೊರಗೆ ನಿಂತಿರೋಳು. ಹೊಟ್ಟೆ ಉರಿಯದೆ ಇರುತ್ತಾ?

ಅವತ್ತು ಬಾವಿ ಹತ್ರ ಮೆಲ್ಲಗೆ ಕೇಳಿದಳು, "ನನಗೂ ಒಂದು ಕೋಣೆ ಮಾಡೋದಾದ್ರೆ ಏನು ಹಾಕ್ತೀರ?"

"ನಿನ್ನದು ಕೀರಲು ದನಿ. ತೆಳು ಸ್ಪಂಜೇ ಸಾಕು. ಅವಳದ್ದು ತಗ್ಗು ದನಿ, ಸ್ಪಂಜು ದಾಟಿ ಹೋಗಿಬಿಡುತ್ತೆ. ಅದಕ್ಕೇ ಗೇಣು ದಪ್ಪ ಕಲ್ಲುಣ್ಣೆ ಹಾಕಿ, ಹಿಂದೆ ಗಾಳಿಗೆ ಜಾಗ ಬಿಟ್ಟೆ."

"ಆ ದನಿ ಎಲ್ಲಿ ಹೋಗುತ್ತೆ ಹಾಗಾದ್ರೆ?"

"ಎಳೆ ಎಳೆಗೂ ಉಜ್ಜಿ ಬಿಸಿ ಆಗಿಬಿಡುತ್ತೆ... ಒಳಗೇ."

ಒಳಗೇ! ಅಕ್ಕ ಹಿಡ್ಕೊಂಡಿದ್ದು ಆ ಒಂದೇ ಮಾತು. ಸತ್ತವಳಿಗೆ ಗೇಣು ದಪ್ಪ ಉಣ್ಣೆ, ಕಟ್ಕೊಂಡವಳಿಗೆ ಸ್ಪಂಜು. ನಾನಾಗಿದ್ರೂ ಸುಮ್ಮನಿರ್ತಿರಲಿಲ್ಲ ಬಿಡಿ.

ಮಾರನೇ ದಿನ ಭಾವ ಆ ಕಡೆ ಹೋದ್ರು, ಈ ಕಡೆ ಅಕ್ಕ ಮೂಗಿಗೆ ಬಟ್ಟೆ ಕಟ್ಕೊಂಡು ಹಲಗೆ ಕಿತ್ತಳು. ಮೇಲಿನ ಬಟ್ಟೆ ಪರ್ರ್ ಅಂತ ಹರೀತು. ಉಣ್ಣೆಯನ್ನೆಲ್ಲ ಗಂಟು ಕಟ್ಟಿ ಆ ಬಾವಿಗೇ ಎಸೆದಳು. ಬಿದ್ದ ಸದ್ದು... ಬರಲೇ ಇಲ್ಲ.

"ಇನ್ನೂ ಬೆಚ್ಚಗಿತ್ತು ಕಣೇ," ಅಂದಳು ನನ್ನ ಹತ್ರ.

ಸಂಜೆ ಭಾವ ಬಂದು ಬೋಳು ಗೋಡೆ ನೋಡಿದ್ರು. ಕೂಗಾಡಲಿಲ್ಲ.

"ಎಲ್ಲಿ ಹಾಕ್ದೆ?"

"ಬಾವಿಗೆ."

ಟಾರ್ಚ್ ತಗೊಂಡು ಹೊರಟೇಬಿಟ್ರು. ಅಕ್ಕ ಹಿಂದೇ ಓಡಿದಳು. ಭಾವ ಬಗ್ಗಿ ಚಪ್ಪಾಳೆ ತಟ್ಟಿದ್ರು. ಟಪ್... ಅಷ್ಟೇ. ತಳದಲ್ಲಿ ಉಣ್ಣೆ ಇದೆಯಲ್ಲ, ಅದೇನೋ ಸರಿ. ಆಮೇಲೆ ಪಿಸುದನೀಲಿ ಕೇಳಿದ್ರು.

"ಇದೀಯಾ?"

ಏನೂ ಇಲ್ಲ... ಏನೂ ಇಲ್ಲ... ಆಮೇಲೆ ಕೆಳಗಿಂದ ಯಾರೋ ಗಂಟಲು ಸರಿ ಮಾಡ್ಕೊಂಡ್ರು. ತಗ್ಗು ದನಿ.

"ಮನೆಗೆ ಬನ್ರೀ!" ಅಂತ ಅಕ್ಕ ತೋಳು ಜಗ್ಗಿ ಕಿರುಚಿದಳು. ಭಾವ ತಿರುಗಲಿಲ್ಲ. "ನೀನು ಕಿರುಚಿದ್ದು ಕೇಳಿಸಲೇ ಇಲ್ಲ" ಅಂತಾರೆ ಇವತ್ತಿಗೂ.

ಮರುದಿನ ನಾನೇ ಹೋಗಿದ್ದೆ. ಕೋಣೇಲಿ ಬರೀ ಗಾರೆ, ಗಾಜು, ಟೈಲ್ಸು. ನಾನು ಕೆಮ್ಮಿದ್ರೆ ನಾಲ್ಕೂ ಗೋಡೆ ಕೆಮ್ಮಿದವು. ಸ್ಟೂಲ್ ಎಳೆದೆ, ಕಿರ್ರ್ ಅನ್ನೋದು ಒಂದು ಸುತ್ತು ಹೊಡೀತು.

"ಅಕ್ಕ, ನೀನೂ ಏನಾದ್ರೂ ಮಾತಾಡು," ಅಂದೆ.

ಅವಳ ತುಟಿ ಅಲ್ಲಾಡಿತು. ಕತ್ತಿನ ನರ ಉಬ್ಬಿತು, ಕೂಗ್ತಿದ್ದಾಳೆ ಅಂತ ಗೊತ್ತಾಯ್ತು. ಸದ್ದೇ ಇಲ್ಲ... ಹೊಸ್ತಿಲು ದಾಟಿ ಹೊರಗೆ ಬಂದ ಮೇಲೆ, "ಕೇಳಿಸ್ತಾ?" ಅಂದಳು. ಅದೇ ಕೀರಲು ದನಿ.

ನಗಬೇಡಿ. ನಾನು ಎದುರಿಗೇ ನಿಂತಿದ್ದೆ. ಅನುಮಾನ ಇದ್ರೆ ಬಂದು ನೋಡಿ, ಕೋಣೆ ಹಾಗೇ ಇದೆ. ಭಾವ ಅದರೊಳಗೆ ಕಾಲಿಡಲ್ಲ. ಕೆಲಸದಿಂದ ಬರೋವಾಗಲೇ ಬಾವಿ ಕಟ್ಟೆ ಮೇಲೆ ಗಂಟೆಗಟ್ಟಲೆ ಕೂತು ಬರ್ತಾರೆ. ಅಕ್ಕ ಈಗ ಕಾಫೀನ ಫ್ಲಾಸ್ಕಿಗೆ ಹಾಕಿಡ್ತಾಳೆ.