ವಸ್ತಾದನ ಮಂಡಿಯೊಳಗಿನ ಚೂರು

ಒಂದೂರಿನ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ಮಾಳಪ್ಪನೆಂಬ ವಸ್ತಾದನಿದ್ದ. ಅವನ ಪಟ್ಟಿಗೆ ಸಿಕ್ಕವನು ಮಣ್ಣು ಮುಕ್ಕದೆ ಏಳುತ್ತಿರಲಿಲ್ಲ. ಒಮ್ಮೆ ಕುಸ್ತಿಯಲ್ಲಿ ಅವನ ಬಲಮಂಡಿಗೇ ಪೆಟ್ಟಾಯಿತು. ಊತ ಇಳಿಯಿತು, ನೋವು ಹೋಯಿತು. ಆದರೆ ಕೀಲಿನೊಳಗೆ ಮೃದು ಎಲುಬಿನ ಚೂರೊಂದು ಕಳಚಿ ಉಳಿಯಿತು.

ನೋಡಿ, ಕಳಚಿದ ಚೂರು ಒಂದೆಡೆ ಕೂರುವುದಿಲ್ಲ. ಓಡಾಡುತ್ತದೆ. ತಿಂಗಳಿಗೊಮ್ಮೆ ಎಲುಬುಗಳ ನಡುವೆ ಸಿಕ್ಕಿಕೊಳ್ಳುವುದು. ಮಂಡಿ ಬಾಗಿದ್ದು ಬಾಗಿದಂತೆಯೇ ನಿಲ್ಲುವುದು. ಮಾಳಪ್ಪ ಗೋಡೆ ಹಿಡಿದು ಕಾಲು ಝಾಡಿಸುವನು. ಟಕ್ಕೆಂದು ಬಿಡುವುದು.

ಹೆಂಡತಿ ಗೌರವ್ವ ಕಂಡಳು. "ಯಾಕ್ರೀ, ಕಾಲಿಗೇನಾಗೇತ್ರೀ?"

"ಏನಿಲ್ಲ, ಜೋಮ್ ಹಿಡದಿತ್ತು."

ಏನಿಲ್ಲ! ಶಿಷ್ಯರು ಕೇಳಿದರೂ ಏನಿಲ್ಲ. ವಸ್ತಾದನ ಕಾಲೇ ಕೈಕೊಡುತ್ತದೆ ಎಂದರೆ ಗರಡಿಯಲ್ಲಿ ಯಾರು ಬೆಲೆ ಕೊಟ್ಟಾರು? ಹೀಗೇ ಒಂಬತ್ತು ವರ್ಷ.

ಒಂದು ಬೆಳಿಗ್ಗೆ ಮೂರು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಮಾಳಿಗೆಯಿಂದ ಇಳಿಯುತ್ತಿದ್ದ. ನಡುಮೆಟ್ಟಿಲಲ್ಲಿ ಮಂಡಿ ಸಿಕ್ಕಿಕೊಂಡಿತು. ಗೋಡೆಯೇನೋ ಇತ್ತು, ಹಿಡಿಯಲು ಕೈ ಖಾಲಿ ಇರಲಿಲ್ಲ. ಇಬ್ಬರೂ ಉರುಳಿದರು. ಕೂಸಿನ ಕೈ ಮುರಿಯಿತು.

ಮಗುವಿಗೆ ಪ್ಲಾಸ್ಟರ್ ಹಾಕಿದ ಡಾಕ್ಟರಮ್ಮನೇ ಅವನ ಕಾಲನ್ನೂ ನೋಡಿದರು.

"ಎಷ್ಟ್ ದಿನದಿಂದ ಹಿಂಗ?"

"ಒಂಬತ್ತ್ ವರ್ಷ ಆತ್ರೀ."

"ಮತ್ತ ಯಾಕ ಬರಲಿಲ್ಲ, ಯಜಮಾನ್ರ?"

"ಝಾಡಿಸಿದ್ರ ಬಿಡತಿತ್ತಲ್ರೀ."

ಕೇಳಿದಿರಾ? ಬಿಡುತ್ತಿತ್ತಂತೆ! ಬಿಡುತ್ತಿದ್ದುದಕ್ಕೇ ಅದು ಒಳಗೆ ಉಳಿಯಿತು. ಬಿಡದೆ ಹೋಗಿದ್ದರೆ ಅಂದೇ ಓಡಿಬರುತ್ತಿದ್ದ.

ಮಂಡಿಗೆ ಎರಡು ಸಣ್ಣ ತೂತು ಮಾಡಿದರು. ಒಂದರಿಂದ ಕ್ಯಾಮೆರಾದ ಕೊಳವೆ ಇಳಿಸಿ, ಇನ್ನೊಂದರಿಂದ ಚಿಮಟ ಹಾಕಿ ಹೊರತೆಗೆದರು. ಒಂದಲ್ಲ, ಮೂರು ಚೂರು, ದೊಡ್ಡದು ಅವರೆಕಾಳಿನಷ್ಟು. ಮುಕ್ಕಾಲು ಗಂಟೆಯ ಕೆಲಸ. ಮರುದಿನ ಕೋಲೂರಿ ನಡೆದ. ಮಂಡಿ ಮತ್ತೆ ಸಿಕ್ಕಿಕೊಳ್ಳಲಿಲ್ಲ.

ಆದರೆ ಅಷ್ಟು ವರ್ಷ ಆ ಚೂರು ಉಜ್ಜಿ ಸವೆಸಿದ ಜಾಗ ಇದೆಯಲ್ಲ? "ಅದನ್ನ ಹೊಸದ ಮಾಡಾಕ ನನಗ ಬರಂಗಿಲ್ಲ" ಎಂದರು ಡಾಕ್ಟರಮ್ಮ. ಮಾಳಪ್ಪ ಮುಂದೆಂದೂ ಮಂಡಿ ಮಡಚಿ ಕೂತೇಳುವ ಬೈಠಕ್ ಹೊಡೆಯಲಿಲ್ಲ. ಕುರ್ಚಿಯಲ್ಲಿ ಕೂತು ಪಟ್ಟು ಹೇಳಿಕೊಟ್ಟ. ಶಿಷ್ಯರು ಒಬ್ಬರೂ ಬಿಟ್ಟುಹೋಗಲಿಲ್ಲ, ನೋಡಿ. ಮೊಮ್ಮಗಳ ಕೈ ಕೂಡಿತು. ಆದರೆ ಮೆಟ್ಟಿಲ ಬಳಿ ಅವನು ಕೈಚಾಚಿದರೆ ಅವಳು ಅಜ್ಜಿಯ ಸೆರಗು ಹಿಡಿಯುತ್ತಿದ್ದಳು.

ಶರಣರೇ, ತಾಯಂದಿರೇ, ಅವನ ಮಾತು ಬಿಡಿ. ಎದೆ ಹಿಡಿದಾಗ, ಕೈಗೊಂದು ಗಂಟು ತಾಗಿದಾಗ 'ಹೋಯ್ತಲ್ಲ ಬಿಡು' ಅಂದುಕೊಂಡವರು ಇಲ್ಲಿ ಎಷ್ಟು ಜನ ಕೂತಿದ್ದೀರಿ? ನಿಮ್ಮ ದೇಹ ನಿಮ್ಮೊಬ್ಬರದೇ ಏನು? ಅದನ್ನು ನಂಬಿದವರಿಲ್ಲವೇ? ಇವತ್ತು ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿ. ಎಲ್ಲಿ ನೋವು, ಎಂದಿನಿಂದ, ಎಲ್ಲ ಹೇಳಿ. ನಾಚಿಕೆಯಾಗುತ್ತದೆಯೇ? ಆಗಲಿ. ನಾಚಿಕೊಂಡೇ ಹೇಳಿ. ನಾಳೆ ಸೋಮವಾರ; ಆಸ್ಪತ್ರೆ ಒಂಬತ್ತಕ್ಕೆ ತೆರೆಯುತ್ತದೆ.