ಗೋಡೆ ಸಂದಿಯ ಡಬ್ಬಿ

"ಹಲೋ... ಹಲೋ, ಯಾರು ಮಾತಾಡ್ತಿರೋದು?... ಸ್ವಲ್ಪ ಜೋರಾಗಿ ಹೇಳಿ, ಕೇಳ್ತಾ ಇಲ್ಲ... ಹಾಂ? ಪರಿಮಳತ್ತೆಯಾ?... ಅತ್ತೆ, ಎಂತ ಆತು? ಎಂತಕ್ಕೆ ಅಳ್ತಾ ಇದ್ದೆ?"

ಯಲ್ಲಾಪುರದ ಗಿಡಮೂಲಿಕೆ ಸಮೀಕ್ಷೆಯ ಆ ಪುಟ್ಟ ಕಚೇರಿಯಲ್ಲಿ ಅದು ಮಧ್ಯಾಹ್ನದ ಊಟದ ಹೊತ್ತು. ಉಳಿದವರೆಲ್ಲ ಹೋಟೆಲಿಗೆ ಹೋಗಿದ್ದರು, ನಮಿತಾ ಒಬ್ಬಳೇ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಪರಿಮಳಾ ಅವಳ ಅಪ್ಪನ ಅಕ್ಕ. ಶಿರಸಿ ಪೇಟೆಯ ಅವರ ಮನೆಯಲ್ಲೇ ಎರಡು ವರ್ಷದಿಂದ ಇವಳ ಊಟ, ವಸತಿ, ಬೈಗುಳ, ಮುದ್ದು ಎಲ್ಲ. ಬೆಳಗಿನ ಬಸ್ಸಿಗೆ ಇಲ್ಲಿ ಬಂದರೆ ಸಂಜೆ ಬಸ್ಸಿಗೆ ಅಲ್ಲಿ. ಆ ಮನೆಯಿಂದ ಕಚೇರಿಗೆ ಫೋನು ಬಂದದ್ದು ಇದೇ ಮೊದಲು.

"ಸಮೃದ್ಧಿಗೆ ಎಂತಾರು ಆತಾ?... ಜ್ವರ ಇಳಿದಿದ್ದಿಲ್ಯಾ?... ಮೂರು ದಿನ ಆತು, ಹೌದು. ಡಾಕ್ಟರು ಕೊಟ್ಟ ಔಷಧ ಹಾಕ್ತಾ ಇದ್ರಿ ಅಲ್ದಾ?... ಮತ್ತೆಂತಕ್ಕೆ ಹೆದ್ರದು, ಇಳಿತು ಬಿಡು, ಮೊಮ್ಮಗಳು ಹೇಳಿ ನಿಂಗೆ ಯಾವಾಗ್ಲೂ ಗಾಬರಿ... ಎಂತ? ಎಂತ ಸಿಕ್ತು?... ಗೋಡೆ ಸಂದಿಲಿ?"

ಕಲಸಿದ ಅನ್ನ ಬೆರಳಲ್ಲೇ ಉಳಿಯಿತು.

"ಡಬ್ಬಿ... ಕೆಂಪು ವಸ್ತ್ರ ಸುತ್ತಿದ ಡಬ್ಬಿ... ಹಾಂ... ಒಳಗೆ ಬಜೆ ಬೇರು, ಕರ್ಪೂರ... ಗುಲಗಂಜಿ, ಕವಡೆ... ಗೊಂಬೆ? ಕೈ ಮುರಿದ ಗೊಂಬೆ, ಎದೆಗೆ ಪಿನ್ನು ಚುಚ್ಚಿದ್ದು... ಪಿನ್ನಲ್ಲಿ ಚೀಟಿ. ಚೀಟಿಲಿ ಸಮೃದ್ಧಿ ಹೆಸರು... ಕೇಳ್ತಾ ಇದ್ದೆ ಅತ್ತೆ. ಹೇಳು."

ಕೇಳಲೇನಿತ್ತು? ಆ ಡಬ್ಬಿ ಅವಳದೇ. ಸಮೀಕ್ಷೆಗೆಂದು ಬಂದಿದ್ದ ಸಂಶೋಧಕಿಯೊಬ್ಬಳು ಹೋದ ವರ್ಷ ಹಚ್ಚಿಟ್ಟು ಹೋದ ಹುಚ್ಚು ಇದು. ಹೆಸರು ಜಿಯೋಕ್ಯಾಚಿಂಗ್. ಜನ ಓಡಾಡುವಲ್ಲೇ ಜನರ ಕಣ್ಣಿಗೆ ಬೀಳದ ಹಾಗೆ ಒಂದು ಡಬ್ಬಿ ಅಡಗಿಸಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕುವುದು. ಜಿಪಿಎಸ್ ಹಿಡಿದು ಹುಡುಕಿಕೊಂಡು ಬಂದವರು ಒಳಗಿನ ಪುಸ್ತಕದಲ್ಲಿ ತಮ್ಮ ಹೆಸರು ಬರೆದು, ಒಂದು ವಸ್ತು ತೆಗೆದುಕೊಂಡು ಇನ್ನೊಂದು ವಸ್ತು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗಬೇಕು. ಅಷ್ಟೇ ಆಟ. ಅಂಚೆ ಕಚೇರಿ ಹತ್ತಿರ ಒಂದು, ತರಕಾರಿ ಪೇಟೆ ಹಿಂದೆ ಒಂದು, ಅತ್ತೆ ಮನೆಯ ಓಣಿ ಬದಿ ಗೋಡೆ ಸಂದಿಯಲ್ಲಿ ಒಂದು, ಹೀಗೆ ಶಿರಸಿಯಲ್ಲಿ ಅವಳ ಐದು ಡಬ್ಬಿಗಳಿದ್ದವು. ಸೊಪ್ಪು ತರಲು ಹೊರಟರೂ ಅವಳಿಗೆ ಊರೆಲ್ಲ ಒಂದು ಗುಟ್ಟು ಬಚ್ಚಿಟ್ಟುಕೊಂಡು ನಗುತ್ತಿರುವ ಹಾಗೆ ಕಾಣುತ್ತಿತ್ತು. ಬೇರೆ ಕಡೆಯವರು ಪುಸ್ತಕವನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತಾರೆ. ಇವಳೋ, ಮನೆಯಲ್ಲಿ ಹಿರಿಯರು ಹಳೇ ಹೊತ್ತಿಗೆಗಳನ್ನು ಕಾಪಾಡುವುದು ನೋಡಿ ಬೆಳೆದವಳು. ಹುಳ ಹಿಡಿಯದಿರಲೆಂದು ಬಜೆ ಬೇರು, ಕರ್ಪೂರ ಹಾಕಿ, ಹಾಳೆಯಂಚಿಗೆ ಅರಿಶಿನ ಸವರಿ, ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು. ಬುದ್ಧಿವಂತಿಕೆ ಮಾಡಿದೆನೆಂದು ಬೀಗಿದ್ದಳು ಬೇರೆ.

"ಮಾಟವಾ?... ಯಾರು ಹೇಳಿದ್ದು ಮಾಟ ಹೇಳಿ?... ಪಕ್ಕದ ಮನೆ ಗಣಪಣ್ಣ. ಅಂವಂಗೆಂತ ಗೊತ್ತು?... ಚೌಕ ಹಾಕಿ ಅಂಕಿ ಬರ್ದಿದ್ದಾ... ಕೆಳಗೆ ಆರು ಹೆಸರು... ಆರೂ ಜನಕ್ಕೆ ಮಾಡ್ಸಿದ್ದಡ? ಒಬ್ಬೊಬ್ಬರನ್ನೇ ತೆಗಿತಡ?... ಹಾಂ? ಯನ್ನ ಹೆಸರೂ ಇದ್ದಾ?"

ಇರದೆ ಏನು? ಆ ಅಂಕಿ ಜಾಗದ ಅಕ್ಷಾಂಶ ರೇಖಾಂಶ, ಹೆಸರುಗಳು ಡಬ್ಬಿ ಹುಡುಕಿ ಬಂದವರವು, ಮೊದಲ ಹೆಸರೇ ಅವಳದು. ಕೊನೆಯದು ಏಳು ವರ್ಷದ ಸಮೃದ್ಧಿಯದು. ಹೋದ ಭಾನುವಾರ ಹುಡುಗಿ ತಾನೇ ಹುಡುಕಿ ತೆಗೆದು, ಗುಂಡಗುಂಡಗೆ ಹೆಸರು ಬರೆದು, ಹಿಡಿ ಗುಲಗಂಜಿ ತೆಗೆದುಕೊಂಡು ತನ್ನ ಗೊಂಬೆ ಇಟ್ಟಿದ್ದಳು. ಶಾಲೆಗೆ ಹೊಸದಾಗಿ ಸೇರಿದ ಮಕ್ಕಳ ಎದೆಗೆ ಹೆಸರಿನ ಚೀಟಿ ಚುಚ್ಚುವುದಿಲ್ಲವೇ, ಹಾಗೆ ಗೊಂಬೆಗೂ ಚುಚ್ಚಿದ್ದಳು.

"ಅಳಡ ಅತ್ತೆ... ಯಂಗೆ ಎಂತೂ ಆಯ್ದಿಲ್ಲೆ, ಗಟ್ಟಿ ಇದ್ದೆ... ಉಂಡೆ... ಇಲ್ಲೆ, ಜ್ವರ ಗಿರ ಇಲ್ಲೆ... ಇವತ್ತು ಬಸ್ಸು ಹತ್ತಡ ಹೇಳ್ತ್ಯಾ?... ಯಂಗಾಗಿ ತುಪ್ಪದ ದೀಪ ಹಚ್ಚಿಟ್ಟಿದ್ಯಾ..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳಿಯ ಹೆಗಲಿಗೇ ಬಂದು ಅತ್ತೆ ಕಣ್ಣೀರು ಹಾಕುತ್ತಿದ್ದರು. ಹೇಳಿಬಿಡಬೇಕು ಅನ್ನಿಸಿತು. ಜೊತೆಗೇ ಭಯವೂ ಆಯಿತು. ಇಷ್ಟು ಅಳಿಸಿದ ಮೇಲೆ ಅದು ನನ್ನ ಆಟದ ಡಬ್ಬಿ ಅಂದರೆ ಆ ಮನೆಯ ಹೊಸಿಲು ಮತ್ತೆ ತುಳಿಯುವುದು ಹೇಗೆ? ಸಂಜೆ ಹೋಗಿ, ಕಾಲು ಹಿಡಿದು, ನಿಧಾನಕ್ಕೆ ಹೇಳಿದರಾಯಿತು ಎಂದುಕೊಂಡಳು.

"ಅತ್ತೆ, ಆನು ಸಂಜೆ ಬರ್ತೆ. ಬಂದ ಮೇಲೆ ಮಾತಾಡನ. ಅಲ್ಲಿವರೆಗೆ ಆ ಡಬ್ಬಿನ ಒಂದು ಬದಿಗಿಟ್ಟು... ಎಂತ? ಇಟ್ಟವ್ರು ಸಿಕ್ಕಿದ್ರಾ?... ಯಾರು?... ತಿಮ್ಮಿ? ನಮ್ಮ ಓಣಿ ಗುಡಿಸೋ ತಿಮ್ಮಿಯಾ?"

ನಮಿತಾ ಎದ್ದು ನಿಂತಳು.

"ತಿಮ್ಮಿ ಗೋಡೆ ಸಂದಿಗೆ ಕೈ ಹಾಕಿದ್ದನ್ನ ಗಣಪಣ್ಣ ಕಂಡಿದ್ನಡ... ಕಂಡಿಕ್ಕು. ಅದಕ್ಕೇ ಮಾಟ ಮಾಡಿದ್ದು ಹೇಳಿ ಆತಾ?... ಕೇಳಿದ್ದಕ್ಕೆ ಎಂತ ಹೇಳ್ತು?... 'ನಮಿತಕ್ಕೋರು ಬರ್ಲಿ' ಹೇಳ್ತಾ? ಅಷ್ಟೇಯಾ?... ಇಲ್ಲೆ ಅತ್ತೆ, ಯನ್ನ ಬಲಿ ತಗಳಲೆ ಕಾಯ್ತಾ ಇರದಲ್ಲ ಅದು! ಇಲ್ಲೆ... ಈಗೆಲ್ಲಿದ್ದು ತಿಮ್ಮಿ?... ಬಚ್ಚಲಮನೆಲಿ ಕೂಡಿ ಹಾಕಿದ್ರಾ?"

ತಿಮ್ಮಿ ಮಾಡಿದ್ದೆಲ್ಲ ಒಂದೇ ಕೆಲಸ. ಡಬ್ಬಿ ಜಾರಿ ಹೊರಗೆ ಬಂದರೆ ಒಳಗೆ ನೂಕಿಬಿಡು, ಯಾರಿಗೂ ಹೇಳಬೇಡ ಎಂದು ನಮಿತಾ ಕೇಳಿಕೊಂಡಿದ್ದಳು. ಆಕೆ ನೂಕಿದ್ದಳು, ಹೇಳಿರಲಿಲ್ಲ.

"ಅತ್ತೆ, ಮಾವನ ಕರಿ. ಮಾವಂಗೆ ಕೊಡು ಫೋನು... ಹುಲಗೋಳಕ್ಕೆ ಹೋಗಿದ್ನಾ? ಯಾವಾಗ ಬತ್ತ?... ಸಂಜೆಯಾ... ಮನೇಲಿ ಯಾರಿದ್ದ ಮತ್ತೆ? ನೀನು, ಗಣಪಣ್ಣ, ಓಣಿ ಜನ... ಗಣಪಣ್ಣ ಎಂತ ಮಾಡ್ತಾ ಇದ್ದ?... ಕೆಂಡ ಎಂತಕ್ಕೆ?... ಮೆಣಸಿನಕಾಯಿ ಹೊಗೆಯಾ? ಬಾಗಿಲು ಹಾಕಿ ಹೊಗೆ ಹಾಕ್ತ್ವಾ? ಅತ್ತೆ, ತಿಮ್ಮಿಗೆ ಉಬ್ಬಸ ಇದ್ದು. ನಿಂಗೆ ಗೊತ್ತಿಲ್ಯಾ, ನೀನೇ ಹೋದ ತಿಂಗಳು ಕಷಾಯ ಮಾಡಿ ಕೊಟ್ಟಿದ್ದೆ ಅದ್ಕೆ!"

ಗೋಡೆಯ ಗಡಿಯಾರದಲ್ಲಿ ಒಂದೂಕಾಲು. ಶಿರಸಿಗೆ ಹೋಗಿ ಮುಟ್ಟಲು ಬಸ್ಸು ಈಗಲೇ ಸಿಕ್ಕರೂ ಒಂದೂವರೆ ತಾಸು. ಸಂಜೆಯ ಮಾತು, ಕಾಲು ಹಿಡಿಯುವ ಮಾತು ಎಲ್ಲ ಅಲ್ಲಿಗೆ ಮುಗಿಯಿತು.

"ಅತ್ತೆ, ಕೇಳು. ಆ ಡಬ್ಬಿ ಯಂದು... ಯಂದು ಹೇಳಿದೆ. ಆನೇ ಇಟ್ಟದ್ದು... ತಲೆ ಕೆಟ್ಟಿದ್ದಿಲ್ಲೆ... ಇಲ್ಲೆ, ಯಾರೂ ಯನ್ನ ಬಾಯಿಂದ ಆಡಿಸ್ತಾ ಇದ್ದಿಲ್ಲೆ... ತಿಮ್ಮಿ ಮೇಲಿನ ಕನಿಕರಕ್ಕೆ ಹೇಳದಲ್ಲ ಅತ್ತೆ, ದೇವ್ರಾಣೆ ಯಂದು. ಅದೊಂದು ಆಟ."

...

"ಆಟ, ಆಟ. ಡಬ್ಬಿ ಅಡಗಿಸಿ ಇಡದು, ಬೇರೆಯವ್ವು ಬಂದು ಹುಡ್ಕದು... ಬೇರೆಯವ್ವು ಅಂದ್ರೆ... ಗುರ್ತದವ್ವಲ್ಲ. ಗೋವಾದವ್ವು ಬಂದಿದ್ದ, ಪುಣೆಯವ್ವು ಬಂದಿದ್ದ... ನಮ್ಮನೆ ಗೋಡೆ ಅವಕ್ಕೆ ಹ್ಯಾಂಗೆ ಗೊತ್ತಾಗ್ತು ಅಂದ್ರೆ, ಆ ಅಂಕಿ ಇದ್ದಲಾ, ಅದನ್ನ ನೋಡ್ಕ್ಯಂಡು ಬತ್ತ... ಆಕಾಶದಲ್ಲಿ ಸ್ಯಾಟಲೈಟ್ ಇರ್ತು ಅತ್ತೆ, ಅದು ದಾರಿ ತೋರಿಸ್ತು... ಹಾಂ, ಬಂದವ್ವು ಹೆಸರು ಬರೀತ... ಕದ್ದೇ ಬರೀತ, ಯಾರಿಗೂ ಕಾಣ್ಲಾಗ ಹೇಳಿ ನಿಯಮ ಇದ್ದು..."

ಹೇಳುತ್ತ ಹೋದ ಹಾಗೆ ಆ ಮಾತು ಅವಳ ಕಿವಿಗೇ ಬೇರೆ ಥರ ಕೇಳತೊಡಗಿತು. ಗುರುತಿಲ್ಲದ ಜನ ಕದ್ದು ಬರುತ್ತಾರೆ, ಅಂಕಿ ನೋಡಿ ಬರುತ್ತಾರೆ, ಹೆಸರು ಬರೆದು ಹೋಗುತ್ತಾರೆ. ಇದನ್ನು ಕೇಳಿ ಯಾವ ಅಜ್ಜಿಯ ಎದೆ ತಣ್ಣಗಾದೀತು? ಬಿಡಿಸಲು ಹೋದಷ್ಟೂ ಗಂಟು ಬಿಗಿಯಾಗುತ್ತಿತ್ತು.

"ಪುಸ್ತಕದ ಮೊದಲನೇ ಹಾಳೆ ನೋಡು ಅತ್ತೆ. ಕನ್ನಡದಲ್ಲೇ ಬರ್ದಿದ್ದೆ, ಇದು ಆಟದ ಡಬ್ಬಿ, ಯಾರೂ ಹೆದರಬೇಡಿ ಹೇಳಿ. ಕನ್ನಡಕ ಹಾಕ್ಯಂಡು ಓದು... ಎಂತ?... ಸುಟ್ಟಾತಾ? ಪೂರ್ತಿ?... ಚಿಮಣಿ ಎಣ್ಣೆ ಹಾಕಿ ಸುಟ್ನಾ ಗಣಪಣ್ಣ..."

...

"ಹಾಂಗಾದ್ರೆ ಸಮೃದ್ಧಿನ ಕೇಳು. ಅದೇ ಗೊಂಬೆ ಇಟ್ಟದ್ದು... ಕೇಳಿದ್ಯಾ? ಎಂತ ಹೇಳ್ತು?... ಬಾಯಿ ಮುಚ್ಕ್ಯಂಡು ಅಳ್ತಾ... ಹೆದರಿ ಅಲ್ಲ ಅತ್ತೆ, ಯಾರಿಗೂ ಹೇಳಡ ಹೇಳಿ ಆನೇ ಆಣೆ ಹಾಕ್ಸಿದ್ದೆ... ಎಂತಕ್ಕೆ ಹಾಕ್ಸಿದೆ ಅಂದ್ರೆ... ಆಟಕ್ಕೆ. ಅತ್ತೆ, ಆಟಕ್ಕೆ..."

ಆಗ ಕೇಳಿಸಿತು. ಫೋನಿನ ಆಚೆ, ಜನರ ಗಲಾಟೆಯ ಹಿಂದೆ, ಒಂದು ಕೆಮ್ಮು. ನಡುವೆ ಉಸಿರು ಎಳೆದುಕೊಳ್ಳಲು ಆಗದ ಕೆಮ್ಮು. ಯಾರೋ ಬಾಗಿಲು ಬಡಿಯುತ್ತಿದ್ದರು. ಬಡಿತ ಜೋರಾಗಿ ಶುರುವಾಗಿ ಮೆತ್ತಗಾಗುತ್ತಾ ಬಂತು.

"ಯಾರದು ಕೆಮ್ಮದು? ತಿಮ್ಮಿಯಾ?... ಹೊಗೆ ಹಾಕಿದ್ರಾ? ಬಾಗಿಲು ತೆಗೆಸು! ಅತ್ತೆ, ಸತ್ತೋಗ್ತು ಅದು, ಬಾಗಿಲು ತೆಗೆಸು!... ಮಾಟ ಮಾಡ್ಸಿದವ್ರ ಹೆಸರು ಹೇಳೋವರೆಗೆ ತೆಗಿತ್ನಿಲ್ಯಡಾ?... ಯಾರು ಹೇಳಿದ್ದು, ಗಣಪಣ್ಣನಾ?"

ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು. ನಿಜ ಹೇಳಿದ್ದಾಯಿತು, ಯಾರಿಗೂ ಬೇಡ. ಅವರಿಗೆ ಬೇಕಾದದ್ದು ಬೇರೆ.

"ಹಾಂಗಾದ್ರೆ ಕೇಳು. ಎಲ್ಲರಿಗೂ ಕೇಳೋ ಹಾಂಗೆ ಹೇಳು. ಮಾಟ ಮಾಡಿದ್ದು ಆನು... ಆನೇ. ನಮಿತಾ... ಆಟ ಅಲ್ಲ, ಸುಳ್ಳು ಹೇಳಿದ್ದೆ. ಮಾಟವೇ... ತಿಮ್ಮಿಗೆಂತೂ ಗೊತ್ತಿಲ್ಲೆ. ಈಗ ಬಾಗಿಲು ತೆಗಿರಿ. ತಿಮ್ಮಿಗೆ ಎಂತಾರು ಆತು ಅಂದ್ರೆ ಆ ಮಾಟ ತೆಗೆಯಲೆ ಯಂಗೂ ಬತ್ತಿಲ್ಲೆ. ಸಮೃದ್ಧಿ ಜ್ವರ ಇಳಿಯದೇ ಇಲ್ಲೆ. ಕೇಳ್ತಾ? ಹೇಳು ಗಣಪಣ್ಣಂಗೆ!"

ತಾನು ಎತ್ತಿ ಆಡಿಸಿದ ಕೂಸಿನ ಹೆಸರು ಹಿಡಿದು ಹೆದರಿಸಿದ್ದಳು. ಆಡಿದ ಬಾಯಿಯನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಆಚೆ ರಿಸೀವರನ್ನು ಎಲ್ಲೋ ಕುಕ್ಕಿದ ಸದ್ದು. ಓಡುವ ಹೆಜ್ಜೆಗಳು. ಚಿಲಕ ತೆಗೆದದ್ದೋ, ಕೊಡ ಬಿದ್ದದ್ದೋ ತಿಳಿಯಲಿಲ್ಲ. ನಮಿತಾ ಕಣ್ಣು ಮುಚ್ಚಿಕೊಂಡು ಗೊತ್ತಿದ್ದ ದೇವರನ್ನೆಲ್ಲ ಕರೆದಳು.

"ಹಲೋ... ಹಲೋ... ಯಾರಾದ್ರೂ ಮಾತಾಡ್ರೋ... ಹಲೋ..."

...

"ಯಾರು?... ತಿಮ್ಮಿ? ತಿಮ್ಮೀ, ನೀನಾ?... ಮಾತಾಡ್ಬೇಡ, ಉಸ್ರು ಎಳ್ಕೋ. ನಿಧಾನ... ನೀರು ಕೊಟ್ರಾ?... ಯಾಕೆ ಹೇಳ್ಲಿಲ್ಲ ನೀನು, ಅದು ನಂದು ಅಂತ ಹೇಳ್ಬಾರ್ದಿತ್ತಾ?... ನನ್ನ ಬೈತಾರೆ ಅಂತಾನಾ... ಅಯ್ಯೋ ತಿಮ್ಮಿ... ಸುಮ್ನೆ ಕೇಳು ಈಗ. ಗಂಟಲು ಸರಿ ಆಗ್ಲಿ ಅಂತ ಅಲ್ಲಿ ಕೂರ್ಬೇಡ. ಗೇಟು ದಾಟು. ನಿನ್ನ ಕೇರಿ ಮುಟ್ಟೋ ತನಕ ಎಲ್ಲೂ ನಿಲ್ಬೇಡ. ನಾನು ಮಾಡಿದ್ದು ಅಂದಿದೀನಿ, ನೀನು ಅಲ್ಲ ಅನ್ಬೇಡ... ಅಳ್ಬೇಡ, ಹೋಗು. ಅತ್ತೆಗೆ ಕೊಡು."

ಆಚೆ ರಿಸೀವರ್ ಕೈ ಬದಲಾಯಿತು. ಅತ್ತೆಯ ಉಸಿರು ಅವಳಿಗೆ ಗೊತ್ತು.

"ಅತ್ತೆ... ಹಾಂ... ಹೇಳು... ಬತ್ತಿಲ್ಲೆ. ಇವತ್ತು ಬತ್ತಿಲ್ಲೆ, ನಾಳೆಯೂ ಬತ್ತಿಲ್ಲೆ, ನೀನು ಬಾ ಹೇಳೋವರೆಗೆ ಬತ್ತಿಲ್ಲೆ... ಜ್ವರ ಇಳಿತು. ಡಾಕ್ಟರ ಔಷಧ ತಪ್ಪಿಸಡ, ಅದನ್ನ ಹಾಕಿದ್ರೇ ಇಳಿತು... ಹಾಂ?"

...

"ಎಂತಕ್ಕೆ ಹಾಂಗೆ ಕೇಳ್ತೆ ಅತ್ತೆ... ಜನ ಎಲ್ಲ ಆಚೆ ಹೋದ್ವಾ, ಈಗ ನೀನು ಒಬ್ಳೇ ಇದ್ಯಾ... ಅಪ್ಪನ ಆಣೆ ಹಾಕಡ... ಮಾಟ ಮಾಡಿದ್ದು ಸುಳ್ಳು ಅಂದುಬಿಡು ಹೇಳ್ತ್ಯಾ... ನಂಬ್ತ್ಯಾ ಈಗ? ಆಟ ಹೇಳಿದ್ರೆ ಈಗ ನಂಬ್ತ್ಯಾ?"

ಒಂದು ಮಾತು ಸಾಕಿತ್ತು. ಮನೆ ಉಳಿಯುತ್ತಿತ್ತು, ಅತ್ತೆ ಉಳಿಯುತ್ತಿದ್ದರು. ಆದರೆ ತಾನಲ್ಲ ಅಂದ ಕೂಡಲೇ ಗಣಪಣ್ಣನ ಕಣ್ಣು ಮತ್ತೆ ತಿಮ್ಮಿಯ ಮೇಲೆ.

"ಅತ್ತೆ, ಮೊದಲು ಇದಕ್ಕೆ ಉತ್ತರ ಕೊಡು. ತಿಮ್ಮಿ ಗೇಟು ದಾಟಿದ್ದಾ?... ಸರಿ ನೋಡು. ಕಿಟಕಿಲಿ ನೋಡು... ಎಲ್ಲಿ ಕೂತಿದ್ದು?... ಮೆಟ್ಟಿಲ ಮೇಲೆ. ನಡೆಯಲೆ ಆಗ್ತಾ ಇಲ್ಯಾ... ಗಣಪಣ್ಣ ಎಲ್ಲಿದ್ದ?... ಅದ್ರ ಹತ್ರವೇ ನಿಂತಿದ್ನಾ..."

...

"ಹೌದು ಅತ್ತೆ. ಆನೇ ಮಾಡಿದ್ದು... ಸುಳ್ಳಲ್ಲ. ಅಪ್ಪನ ಆಣೆಗೂ ಆನೇ... ಎಂತಕ್ಕೆ ಅಂದ್ರೆ... ಅತ್ತೆ, ನೀನು ಯಂಗೆ ಎಂತೂ ಕಡಿಮೆ ಮಾಡಿದ್ದಿಲ್ಲೆ, ಆದ್ರೂ ಆನು... ಅತ್ತೆ?... ಕೇಳ್ತಾ ಇದ್ದಾ? ಹಲೋ... ಅತ್ತೆ, ಹಲೋ... ಹ..."