ಗೋಡೆ ಕಡೆ ಮುಖ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಟೈಲರ್ ಕೂತಿದ್ದ. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಡಾಕ್ಟರ ಕೋಣೆಯಿಂದ ಅವನ ಬಸುರಿ ಹೆಂಡತಿ ಹೊರಬಂದಳು.

"ಏನಂದ್ರು?"

"ಏನೂ ತೊಂದ್ರೆ ಇಲ್ವಂತೆ. ಬಸುರಲ್ಲಿ ನಿದ್ದೆಯ ಹಾರ್ಮೋನು ಏರುಪೇರಾಗಿ ಮೈಯೊಳಗಿನ ಗಡಿಯಾರ ಮುಂದೆ ಓಡುತ್ತಂತೆ. ಅದಕ್ಕೇ ಸಂಜೆಗೇ ಕಣ್ಣು ಎಳೆಯೋದು."

"ಸದ್ಯ. ನಾನು ಬೇರೆ ಏನೋ ಅಂದ್ಕೊಂಡಿದ್ದೆ."

"ಏನು?"

"ನಾನು ಅಂಗಡಿ ಮುಚ್ಚಿ ಬಂದ್ರೆ ನೀನು ದಿನಾ ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದೆ. ಊರಿಗೆಲ್ಲ ಹೊಲಿದು ನಿನ್ನ ಬಟ್ಟೆ ಮಾತ್ರ ಸಡಿಲ ಮಾಡಿಕೊಟ್ಟಿಲ್ಲ ಅಂತ ಮುನಿಸ್ಕೊಂಡಿದೀಯ ಅಂತ."

"ಅದಕ್ಕೇನಾ ನೀವು ಪಾತ್ರೆ ತೊಳೆದಿಡ್ತಿದ್ದದ್ದು?"

"ಹ್ಞೂ. ಹಾಗಾದ್ರೆ ಮುನಿಸು ಇರ್ಲಿಲ್ವಾ?"

"ಇತ್ತು ರೀ. ಬೈಯೋಣ ಅಂತ ಕಾಯ್ತಿದ್ದೆ, ಅಷ್ಟರಲ್ಲಿ ನಿದ್ದೆ ಬಂದ್ಬಿಡ್ತಿತ್ತು."

ಅವನು ಅವಳ ಚೀಲ ಹೆಗಲಿಗೇರಿಸಿಕೊಂಡು ಎದ್ದ.

"ಇನ್ನೂ ಬೆಳಕಿದೆ, ಅಂಗಡಿಗೆ ನಡಿ. ನಾನು ನಿನ್ನ ಬಟ್ಟೆ ಹೊಲೀತಿರ್ತೀನಿ, ನೀನು ಬೈಯುವಿಯಂತೆ."